ಕಾರಿನ ಮಾಡು ಸೋರಿದರೆ ಮೊದಲು ಬಸಿನಾಳ ನೋಡಿ



ಕೊಳೆರೋಗ, ಕಾಂಡಕೊರಕ, ಸುಣ್ಣ-ಗೊಬ್ಬರದ ಲೆಕ್ಕ ಇವನ್ನೇ ಓದಿ ರೂಢಿಯಾದ ಈ ಪುಟದಲ್ಲಿ ಕಾರಿನ ವಿಷಯ ಕಂಡು ಕೆಲವರಿಗೆ ಆಶ್ಚರ್ಯವಾಗಬಹುದು. ಆದರೆ ಕಳೆದ ಮಳೆಗಾಲದಲ್ಲಿ ಸಂಘದ ಕಛೇರಿಗೆ ಬಂದ ಹಲವು ಸದಸ್ಯರು ಗೊಬ್ಬರದ ಮಾತು ಮುಗಿಸಿ ಕೊಡೆ ಬಿಚ್ಚುವ ಹೊತ್ತಿಗೆ, "ಸೆಕ್ರೆಟರಿಯವರೆ, ನಿಮ್ಮ ಕಾರೂ ಸೋರುತ್ತಿತ್ತಂತಲ್ಲ, ಕಡೆಗೆ ಏನು ಮಾಡಿದಿರಿ?" ಎಂದು ಕೇಳಿದ್ದಾರೆ. ಒಬ್ಬೊಬ್ಬರಿಗೂ ಬಾಗಿಲಲ್ಲಿ ನಿಂತು ಹೇಳುವುದಕ್ಕಿಂತ ಒಮ್ಮೆ ಬರೆದುಬಿಡುವುದು ಮೇಲೆಂದು ಈ ಲೇಖನ.

ಮಾಡಿನಲ್ಲಿ ತೆರೆಯುವ ಕಿಂಡಿ, ಅಂದರೆ ಸನ್‌ರೂಫ್, ಹೊಸ ವಸ್ತುವೇನೂ ಅಲ್ಲ. ಅಮೆರಿಕದ ನ್ಯಾಶ್ ಕಂಪೆನಿಯವರು 1937ರಲ್ಲಿಯೇ ಅದನ್ನು ಕಾರ್ಖಾನೆಯಲ್ಲಿ ಜೋಡಿಸಿ ಮಾರಿದ್ದರು. ನಮ್ಮಲ್ಲಿ ಮಾತ್ರ ಬಹುಕಾಲ ಅದು ದುಬಾರಿ ಕಾರುಗಳ ಸೊತ್ತಾಗಿತ್ತು. ಈಗ ಮಧ್ಯಮ ಬೆಲೆಯ ಕಾರುಗಳಲ್ಲೂ ಬರುತ್ತಿದೆ. ಮಕ್ಕಳ ಒತ್ತಾಯಕ್ಕೆ ಕೊಂಡವರೇ ಹೆಚ್ಚು. ನಾನೂ ಹಾಗೆಯೇ ಕೊಂಡವನು. ಕೊಳ್ಳುವಾಗ ಅದನ್ನು ತೆರೆಯುವ ಗುಂಡಿ ಎಲ್ಲಿದೆ ಎಂದು ತೋರಿಸಿದರೇ ಹೊರತು, ಅದರ ನೀರು ಎಲ್ಲಿಂದ ಹೊರಗೆ ಹೋಗುತ್ತದೆ ಎಂದು ಯಾರೂ ತೋರಿಸಲಿಲ್ಲ. ನಾನೂ ಕೇಳಲಿಲ್ಲ.

ನಾನು ಮಾಡಿದ ತಪ್ಪು

ಎರಡು ವರ್ಷಗಳ ಹಿಂದಿನ ಮಾತು. ಮೃಗಶಿರ ಮಳೆ ಹಿಡಿದ ವಾರದಲ್ಲಿ ಚಾಲಕನ ಪಕ್ಕದ ಸೀಟಿನ ಮುಂದಿನ ಮ್ಯಾಟ್ ಒದ್ದೆಯಾಗಿತ್ತು. ಕೊಡೆಯ ನೀರು ಎಂದುಕೊಂಡೆ. ಆರಿದ್ರದಲ್ಲಿ ಕಾರಿನೊಳಗೆ ಮುಗ್ಗಲು ವಾಸನೆ ಹಿಡಿಯಿತು, ಬೆಳಗ್ಗೆ ನೋಡಿದರೆ ಗಾಜಿನ ಒಳಮೈಗೆಲ್ಲ ಮಂಜು. ಮಳೆಗಾಲದಲ್ಲಿ ಮನೆಯ ಗೋಡೆಯೇ ಬೂಸಲು ಹಿಡಿಯುತ್ತದೆ, ಕಾರಿನದೇನು ವಿಶೇಷ ಎಂದು ಸುಮ್ಮನಾದೆ. ಪುನರ್ವಸುವಿನಲ್ಲಿ ಇಳಿಜಾರಿನಲ್ಲಿ ಬ್ರೇಕ್ ಹಾಕಿದಾಗ ಕನ್ನಡಿಯ ಮೇಲಿನ ದೀಪದ ಸಂದಿಯಿಂದ ಮೊಣಕಾಲ ಮೇಲೆ ನೀರು ಸುರಿಯಿತು. ಆಗ ಗ್ಯಾರೇಜಿಗೆ ಒಯ್ದೆ. ಅಲ್ಲಿಯ ಹುಡುಗ ಗಾಜಿನ ಸುತ್ತ ಸಿಲಿಕೋನ್ ಅಂಟು ಬಳಿದು, "ಇನ್ನು ಹನಿ ಬರಲ್ಲ ಸರ್" ಎಂದ. ನನಗೂ ಅದು ಸರಿ ಕಂಡಿತು. ಸೋರುವ ಕಡೆ ಮೆತ್ತಬೇಕು ಎಂಬುದು ಯಾರಿಗಾದರೂ ಹೊಳೆಯುವ ಮದ್ದು.

ಪುಷ್ಯ ಮಳೆಯ ಒಂದು ರಾತ್ರಿ ಎರಡು ಗಂಟೆಗೆ ಲೈನ್ ಮನೆಯಿಂದ ಕರೆ ಬಂತು. ನಮ್ಮಲ್ಲಿ ಕೆಲಸ ಮಾಡುವ ಒಬ್ಬರ ಹೆಂಡತಿಗೆ ದಿನ ತುಂಬುವ ಮೊದಲೇ ಹೆರಿಗೆ ನೋವು. ಕೀಲಿ ತಿರುಗಿಸಿದರೆ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಮಿಣುಕಿ ಆರಿದವು. ಮತ್ತೆ ತಿರುಗಿಸಿದೆ; ಜೀವವಿಲ್ಲ. ಆಕೆ ಜಗುಲಿಯ ಕಂಬ ಹಿಡಿದು ನಿಂತಿದ್ದಳು. ಪಕ್ಕದ ತೋಟದವರ ಹಳೆಯ ಜೀಪು ಹಳ್ಳ ಬಳಸಿ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆಯಿತು. ದೇವರ ದಯೆ, ತಾಯಿ ಮಗು ಇಬ್ಬರೂ ಉಳಿದರು. ಆದರೆ ಆ ಮುಕ್ಕಾಲು ಗಂಟೆಯನ್ನು ನಾನು ಮರೆಯಲಾರೆ. ಕತ್ತಲಾದ ಮೇಲೆ ನಮ್ಮಂಥ ಊರುಗಳಲ್ಲಿ ಆಸ್ಪತ್ರೆಗೆ ಹೋಗುವ ಗಾಡಿ ಎಂದರೆ ಅಂಗಳದಲ್ಲಿ ನಿಂತಿರುವ ನಮ್ಮ ಕಾರೇ ತಾನೆ?

ಮರುದಿನ ಪೇಟೆಯಿಂದ ಬಂದ ಹಿರಿಯ ಮೆಕ್ಯಾನಿಕ್ ಕಾರ್ಪೆಟ್ ಎತ್ತಿದರು. ಅಡಿಯ ಫೋಮ್ ಹಿಂಡಿದರೆ ಬಕೆಟ್ಟಿನಷ್ಟು ನೀರು. ಅದರಲ್ಲಿ ಮುಳುಗಿದ್ದ ತಂತಿಗಳ ಜೋಡಣೆ ಮೈಲುತುತ್ತದ ಬಣ್ಣಕ್ಕೆ ತಿರುಗಿತ್ತು. ಅವರು ಗಾಜನ್ನು ನೋಡಲೇ ಇಲ್ಲ, "ಕಾರು ಯಾವ ಮರದ ಕೆಳಗೆ ನಿಲ್ಲಿಸ್ತೀರಿ?" ಎಂದು ಕೇಳಿದರು. ಅಂಟು ಕೆರೆದು ಸನ್‌ರೂಫ್ ತೆರೆದು, ಮುಂದಿನ ಮೂಲೆಯ ತೂತಿನಿಂದ ಸಿಲ್ವರ್ ಓಕ್ ಎಲೆಯ ಚೂರು, ಅಡಿಕೆ ಹೂವಿನ ಕಾಳು, ಧೂಳು ಎಲ್ಲ ಸೇರಿ ಗಟ್ಟಿಯಾದ ಬಿರಡೆಯೊಂದನ್ನು ತೆಗೆದು ನನ್ನ ಅಂಗೈ ಮೇಲಿಟ್ಟರು. ಅದರ ಜೊತೆಗೆ ಸಿಲಿಕೋನ್ ಅಂಟಿನ ಚೂರೂ ಇತ್ತು. ನಾಳ ಬಿಡಿಸಲು ಹಿಡಿದದ್ದು ಕಾಲು ಗಂಟೆ. ತಂತಿ, ಕಾರ್ಪೆಟ್ ಎಂದು ನಾನು ತೆತ್ತದ್ದು 23 ಸಾವಿರ ರೂಪಾಯಿ.

ನೀರು ಒಳಗೆ ಬರುವುದು ಸಹಜ, ಹೊರಗೆ ಹೋಗದಿರುವುದು ರೋಗ

ಇಲ್ಲಿ ಮುಖ್ಯವಾಗಿ ತಿಳಿಯಬೇಕಾದದ್ದು ಒಂದೇ. ಸನ್‌ರೂಫಿನ ಗಾಜಿನ ಸುತ್ತ ಇರುವ ರಬ್ಬರ್ ಪಟ್ಟಿ ನೀರನ್ನು ಪೂರ್ತಿ ತಡೆಯುವುದಕ್ಕಾಗಿ ಮಾಡಿದ್ದಲ್ಲ. ಹೆಚ್ಚಿನ ನೀರು ಮಾಡಿನ ಮೇಲೆಯೇ ಹರಿದು ಹೋಗುತ್ತದೆ. ಸ್ವಲ್ಪ ಪಟ್ಟಿ ದಾಟಿ ಒಳಗೆ ಇಳಿಯುತ್ತದೆ. ಹಾಗೆ ಇಳಿದ ನೀರನ್ನು ಹಿಡಿಯಲು ಗಾಜಿನ ಕೆಳಗೆ ಸುತ್ತಲೂ ಒಂದು ದೋಣಿ ಇದೆ. ಹೆಂಚಿನ ಮನೆಯಲ್ಲಿ ಎರಡು ಮಾಡು ಕೂಡುವಲ್ಲಿ ತಗಡಿನ ದೋಣಿ ಇಡುತ್ತೇವಲ್ಲ, ಅದೇ ಕ್ರಮ. ದೋಣಿಯ ಮೂಲೆಗಳಲ್ಲಿ ತೂತುಗಳಿವೆ, ಸಾಮಾನ್ಯವಾಗಿ ನಾಲ್ಕು. ಪ್ರತಿ ತೂತಿಗೂ ಕಿರುಬೆರಳ ಗಾತ್ರದ ಒಂದು ಮೆದು ಕೊಳವೆ ಜೋಡಿಸಿರುತ್ತದೆ. ಮುಂದಿನ ಎರಡು ಕೊಳವೆಗಳು ಮುಂಗಾಜಿನ ಎರಡು ಪಕ್ಕದ ಕಂಬಗಳೊಳಗಿಂದ ಇಳಿದು ಮುಂಬಾಗಿಲ ಕೀಲಿನ ಬಳಿಯೋ ಮಡ್‌ಗಾರ್ಡಿನ ಒಳಗೋ ಹೊರಬರುತ್ತವೆ. ಹಿಂದಿನ ಎರಡು ಹಿಂಗಂಬಗಳಲ್ಲಿ ಇಳಿದು ಹಿಂಬದಿಯ ಬಂಪರಿನ ಒಳಮಗ್ಗುಲಲ್ಲಿಯೋ ಚಕ್ರದ ಬಳಿಯೋ ಬಿಡುತ್ತವೆ. ಇವೇ ಬಸಿನಾಳಗಳು. ಕೆಲವು ಕಾರುಗಳಲ್ಲಿ ನಾಳದ ತುದಿಗೆ ಬಾತುಕೋಳಿಯ ಕೊಕ್ಕಿನಂಥ ರಬ್ಬರ್ ಬಾಯಿ ಇರುತ್ತದೆ. ನೀರು ಬಂದಾಗ ತೆರೆದು, ಇಲ್ಲವಾದಾಗ ಮುಚ್ಚಿಕೊಳ್ಳುವ ಈ ಬಾಯಿ ಕೆಸರಿನಿಂದ ಅಂಟಿಕೊಳ್ಳುವುದುಂಟು.

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ದಿನಕ್ಕೆ 100 ಮಿ.ಮೀ. ಬೀಳುವುದು ನಮಗೆ ಹೊಸತಲ್ಲ. ಆಗುಂಬೆಯಲ್ಲಂತೂ ವರ್ಷದ ಮಳೆ 7,000 ಮಿ.ಮೀ. ದಾಟುತ್ತದೆ. ಅಷ್ಟಗಲದ ಗಾಜಿನ ಮೇಲೆ ಒಂದು ದಿನಕ್ಕೆ 100 ಲೀಟರ್. ಅದರಲ್ಲಿ ನೂರಕ್ಕೆ ಎರಡು ಪಾಲು ದೋಣಿಗೆ ಇಳಿದರೂ ಎರಡು ಲೀಟರ್ ಆಯಿತು. ನಾಳ ಸರಿಯಿದ್ದರೆ ಅದು ನಿಮಗೆ ಗೊತ್ತಾಗುವುದೇ ಇಲ್ಲ. ನಾಳ ಕಟ್ಟಿದರೆ ದೋಣಿ ತುಂಬಿ, ಅಂಚು ಮೀರಿ, ಒಳಮಾಡಿನ ಬಟ್ಟೆಯ ಮೇಲೆ ಹರಿದು, ಕಂಬದ ಒಳಗಿನಿಂದ ಕಾರ್ಪೆಟ್ಟಿನ ಅಡಿಗೆ ಸೇರುತ್ತದೆ.

ಅಡಿಕೆ ತೋಟದ ಬಸಿಗಾಲುವೆ ಕಟ್ಟಿದಾಗ ನಾವು ಮಳೆಯನ್ನು ಬೈಯುವುದಿಲ್ಲ, ತೋಟಕ್ಕೆ ಚಪ್ಪರವನ್ನೂ ಹಾಕುವುದಿಲ್ಲ, ಹೂಳು ತೆಗೆಸುತ್ತೇವೆ. ಗಾಜಿನ ಸುತ್ತ ಅಂಟು ಬಳಿಯುವುದು ತೋಟಕ್ಕೆ ಚಪ್ಪರ ಹಾಕಿದಂತೆ. ಕಾರು ಓಡುವಾಗ ಮೈ ಕುಲುಕಿ ಅಂಟು ಕೂದಲೆಳೆಯಷ್ಟು ಬಿಡುತ್ತದೆ, ನೀರಿಗೆ ಅಷ್ಟು ಸಾಕು. ನಾಳವೋ ಕಟ್ಟಿದ ಹಾಗೆಯೇ ಉಳಿಯುತ್ತದೆ.

ನಮ್ಮ ಕಡೆ ಇದು ಏಕೆ ಹೆಚ್ಚು

ನಾವು ಕಾರು ನಿಲ್ಲಿಸುವುದೇ ಮರದ ನೆರಳಿನಲ್ಲಿ. ಸಿಲ್ವರ್ ಓಕಿನ ಎಲೆ ಒಣಗಿ ಪುಡಿಯಾಗುತ್ತದೆ. ಹಲಸು, ಹಾಲುವಾಣದ ಕಸ ಬೀಳುತ್ತದೆ. ಹಿಂಗಾರ ಒಡೆದಾಗ ಅಡಿಕೆಯ ಗಂಡು ಹೂವು ಅಕ್ಕಿ ಚೆಲ್ಲಿದಂತೆ ಉದುರುತ್ತದೆ. ಬೇಸಗೆಯ ಮಣ್ಣು ರಸ್ತೆಯ ಧೂಳು ಇದರ ಮೇಲೆ ಕೂತು, ಮೊದಲ ಮಳೆಗೆ ಕಲಸಿದ ಮಣ್ಣಿನ ಹಾಗೆ ಗಟ್ಟಿಯಾಗುತ್ತದೆ. ಇದಲ್ಲದೆ ನಾಳದ ಕೆಳತುದಿಯಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟುವುದೂ, ಇರುವೆ ಸೇರುವುದೂ ಉಂಟು.

ಇನ್ನೊಂದು ಕಾರಣ ಅಂಗಳದ ಇಳಿಜಾರು. ಮೂತಿ ತಗ್ಗಿಗೆ ಮಾಡಿ ನಿಲ್ಲಿಸಿದ ಕಾರಿನಲ್ಲಿ ದೋಣಿಯ ನೀರೆಲ್ಲ ಮುಂದಿನ ನಾಳಗಳಿಗೇ ಹೋಗುತ್ತದೆ. ಅವು ಕಟ್ಟಿದ್ದರೆ ಹಿಂದಿನವು ತೆರೆದಿದ್ದೂ ಪ್ರಯೋಜನವಿಲ್ಲ. "ಪೇಟೆಯಲ್ಲಿ ನಿಲ್ಲಿಸಿದಾಗ ಸೋರುವುದಿಲ್ಲ, ಮನೆಯಲ್ಲಿ ಮಾತ್ರ ಸೋರುತ್ತದೆ" ಎಂದು ಸದಸ್ಯರೊಬ್ಬರು ಹೇಳಿದ್ದರ ಗುಟ್ಟು ಇದೇ.

ಸೋರಿಕೆ ಎಲ್ಲಿಯದು ಎಂದು ಗುರುತಿಸುವುದು

ಕಾರಿನೊಳಗಿನ ನೀರೆಲ್ಲ ಸನ್‌ರೂಫಿನದೇ ಎಂದು ತಿಳಿಯಬಾರದು. ರೋಗ ಗುರುತಿಸದೆ ಮದ್ದು ಹೊಡೆದರೆ ಮದ್ದೂ ದಂಡ, ಕೂಲಿಯೂ ದಂಡ.

1. ಒಳಮಾಡಿನ ಬಟ್ಟೆಯ ಮೂಲೆಯಲ್ಲಿ ಕಂದು ಕಲೆ, ಕಂಬದ ಬಳಿ ತೇವ, ಬ್ರೇಕ್ ಹಾಕಿದಾಗ ಅಥವಾ ತಿರುವಿನಲ್ಲಿ ಮೇಲಿನಿಂದ ನೀರು: ಬಸಿನಾಳದ ದೋಷವಿರುವ ಸಂಭವ ಹೆಚ್ಚು.

2. ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿಯಲ್ಲಿ ನೀರು: ಹಿಂದಿನ ನಾಳವಿರಬಹುದು, ಹಿಂದೀಪದ ಅಥವಾ ಡಿಕ್ಕಿ ಬಾಗಿಲಿನ ರಬ್ಬರೂ ಇರಬಹುದು.

3. ಮಳೆಯಿಲ್ಲದ ದಿನ, ಏಸಿ ಹಾಕಿ ಓಡಿಸಿದ ಮೇಲೆ ಮುಂದಿನ ಮ್ಯಾಟ್ ಒದ್ದೆಯಾದರೆ ಅದು ಏಸಿಯ ನೀರು ಹೊರಹೋಗುವ ಕೊಳವೆ ಕಟ್ಟಿದ್ದು. ಸನ್‌ರೂಫಿಗೂ ಅದಕ್ಕೂ ಸಂಬಂಧವಿಲ್ಲ.

4. ಮಾಡಿನ ಬಟ್ಟೆ ಒಣಗಿದ್ದು ಕಾಲಡಿ ಮಾತ್ರ ಒದ್ದೆಯಾದರೆ ಬಾನೆಟ್ ಎತ್ತಿ ವೈಪರಿನ ಬುಡ ನೋಡಿ. ಅಲ್ಲಿಯ ಜಾಲರಿಯ ಕೆಳಗೂ ಒಂದು ದೋಣಿ ಇದೆ. ಎಲೆ ತುಂಬಿದರೆ ನೀರು ಗಾಳಿ ಬರುವ ದಾರಿಯಿಂದ ಒಳಕ್ಕೆ ಇಳಿಯುತ್ತದೆ. ಬಾಗಿಲಿನ ಒಳಗಿನ ಹಾಳೆ ಹರಿದಿದ್ದರೂ ಹೀಗಾಗುವುದುಂಟು.

ನಾಳವನ್ನು ಪರೀಕ್ಷಿಸುವುದು ಸುಲಭ. ಮಳೆಯಿಲ್ಲದ ದಿನ ಕಾರನ್ನು ಸಮತಟ್ಟಾದ ಕಡೆ ನಿಲ್ಲಿಸಿ, ಸೀಟಿನ ಮೇಲೆ ಹಳೆಯ ಬಟ್ಟೆ ಹಾಸಿ, ಸನ್‌ರೂಫ್ ಪೂರ್ತಿ ತೆರೆಯಿರಿ. ಬಳಿಕ ಕೀಲಿ ತೆಗೆದು ಜೇಬಿಗೆ ಹಾಕಿಕೊಳ್ಳಿ. ನಿಮ್ಮ ಕೈ ಒಳಗಿರುವಾಗ ಮಕ್ಕಳು ಗುಂಡಿ ಒತ್ತಿದರೆ ಬೆರಳಿಗೆ ಅಪಾಯ. ದೋಣಿಯ ಒಂದು ಮೂಲೆಗೆ ಒಂದು ಲೋಟ ನೀರನ್ನು ನಿಧಾನವಾಗಿ ಸುರಿಯಿರಿ. ಇನ್ನೊಬ್ಬರು ಕೆಳಗೆ ಕುಳಿತು ಆ ಮಗ್ಗುಲಲ್ಲಿ ನೀರು ಬೀಳುವುದನ್ನು ನೋಡಲಿ. ಮೂಲೆಯಿಂದ ಮೂಲೆಗೆ ಹೀಗೆಯೇ ಮಾಡಿ. ಫಲಿತಾಂಶವನ್ನು ಹೀಗೆ ತಿಳಿಯತಕ್ಕದ್ದು:

ನೀರು ಕೂಡಲೆ ಇಳಿದು ಕೆಳಗೆ ಧಾರೆಯಾಗಿ ಬಿದ್ದರೆ ನಾಳ ಸರಿಯಿದೆ. ತಡೆದು ತಡೆದು ಹನಿಯಾಗಿ ಬಿದ್ದರೆ ಅರ್ಧ ಕಟ್ಟಿದೆ. ದೋಣಿಯಲ್ಲಿಯೇ ನಿಂತರೆ ಪೂರ್ತಿ ಕಟ್ಟಿದೆ. ಇನ್ನೂ ಸುರಿಯಬೇಡಿ, ಬಟ್ಟೆಯಲ್ಲಿ ಹೀರಿ ತೆಗೆಯಿರಿ. ನೀರು ಮೇಲಿನಿಂದ ಸರಾಗವಾಗಿ ಇಳಿದೂ, ಎರಡು ಮೂರು ನಿಮಿಷ ಕಾದರೂ ಹೊರಗೆಲ್ಲಿಯೂ ಕಾಣದಿದ್ದರೆ ನಾಳವು ಒಳಗೆ ಕಳಚಿದೆ ಅಥವಾ ಹರಿದಿದೆ ಎಂಬ ಅನುಮಾನ. ಈ ಕೊನೆಯದು ಮನೆಯಲ್ಲಿ ಮಾಡುವ ರಿಪೇರಿಯಲ್ಲ.

ನಾಳ ಬಿಡಿಸುವ ಕ್ರಮ

ಮೊದಲು ದೋಣಿಯ ಕಸವನ್ನು ಕೈಯಿಂದ, ಒದ್ದೆ ಬಟ್ಟೆಯಿಂದ ತೆಗೆಯಿರಿ. ಇದನ್ನು ಮಾಡದೆ ನೀರು ಬಿಟ್ಟರೆ ಮೇಲಿನ ಕಸವೂ ನಾಳಕ್ಕೆ ಇಳಿಯುತ್ತದೆ. ಗಾಜು ಜಾರುವ ಹಳಿಗೆ ಗ್ರೀಸ್ ಇರುತ್ತದೆ. ಅದನ್ನು ಒರೆಸಿ ತೆಗೆಯಬಾರದು, ಅದರ ಮೇಲೆ ಸೋಪು ನೀರನ್ನೂ ಬಿಡಬಾರದು.

ಎರಡನೆಯದಾಗಿ, ಕೆಳತುದಿ ಕೈಗೆ ಸಿಗುವಂತಿದ್ದರೆ ಅಲ್ಲಿಯ ಕೆಸರು ಅಥವಾ ಹುಳುವಿನ ಗೂಡು ತೆಗೆಯಿರಿ. ರಬ್ಬರ್ ಬಾಯಿ ಇದ್ದರೆ ಬೆರಳಿನಿಂದ ಮೆಲ್ಲಗೆ ಹಿಸುಕಿದರೆ ಬಿಡುತ್ತದೆ. ಎಷ್ಟೋ ಸಲ ಇಷ್ಟಕ್ಕೇ ನೀರು ಹರಿಯುವುದುಂಟು.

ಮೂರನೆಯದು ಒಳಗಿನ ಬಿರಡೆ. ಇದಕ್ಕೆ ಬೇಕಾದ ಸಾಧನ ನಮ್ಮ ಎಲ್ಲರ ಕೊಟ್ಟಿಗೆಯಲ್ಲಿದೆ. ಕಳೆ ಕೊಚ್ಚುವ ಯಂತ್ರದ ನೈಲಾನ್ ದಾರ ಸುಮಾರು ಎರಡು ಮೀಟರ್ ತೆಗೆದುಕೊಳ್ಳಿ. ದುಂಡಗಿನದೇ ಆಗಬೇಕು, ಮೂಲೆಯಿರುವ ದಾರ ಬೇಡ. ಸುರುಳಿ ಬಿಡಿಸಲು ಬಿಸಿನೀರಿನಲ್ಲಿ ಹಾಕಿ ನೇರ ಮಾಡಿ. ತುದಿಯನ್ನು ದೀಪಕ್ಕೆ ಹಿಡಿದು, ಆರಿದ ಮೇಲೆ ಉಜ್ಜಿ ಗುಂಡಗೆ ನುಣುಪು ಮಾಡಿ. ಕತ್ತರಿಸಿದ ಚೂಪು ತುದಿ ನಾಳವನ್ನು ಸೀಳಬಲ್ಲದು. ಇದನ್ನು ಮೇಲಿನ ತೂತಿನಲ್ಲಿ ತಿರುವುತ್ತಾ ಮೆಲ್ಲಗೆ ಇಳಿಸಿ. ತಡೆ ಸಿಕ್ಕಿದಲ್ಲಿ ತಳ್ಳದೆ, ಹಿಂದೆ ಮುಂದೆ ಆಡಿಸಿ. ಬಿಟ್ಟಂತಾದಾಗ ಉಗುರು ಬೆಚ್ಚಗಿನ ನೀರಿಗೆ ಎರಡು ತೊಟ್ಟು ಸೋಪು ಬೆರೆಸಿ ಸ್ವಲ್ಪ ಸ್ವಲ್ಪವಾಗಿ ಬಿಡಿ. ಕೆಳಗೆ ಮೊದಲು ಕಪ್ಪು ನೀರು, ಆಮೇಲೆ ತಿಳಿನೀರು ಬರಬೇಕು. ನೀರನ್ನು ಎಳೆಯಬಲ್ಲ ವ್ಯಾಕ್ಯೂಮ್ ಯಂತ್ರವಿದ್ದರೆ ಅದರಿಂದ ಕಸ ಹೀರಿ ತೆಗೆಯುವುದು ಎಲ್ಲಕ್ಕಿಂತ ಕ್ಷೇಮ.

ಮುಂದಿನ ಎರಡು ತೂತುಗಳು ಕಣ್ಣಿಗೆ ಕಾಣುತ್ತವೆ. ಹಿಂದಿನವು ಅನೇಕ ಕಾರುಗಳಲ್ಲಿ ಗಾಜಿನ ಅಡಿಯಲ್ಲಿ ಮರೆಯಾಗಿರುತ್ತವೆ. ಮಾಡಿನುದ್ದಕ್ಕೂ ಗಾಜಿರುವ ಕಾರುಗಳಲ್ಲಂತೂ ಕೈಗೆ ಸಿಗುವುದೇ ಇಲ್ಲ. ಅವುಗಳ ಕೆಳತುದಿ ಮಾತ್ರ ನೀವು ನೋಡಿ, ಉಳಿದದ್ದನ್ನು ಸರ್ವೀಸಿನವರಿಗೆ ಬಿಡಿ.

ಮಾಡಬಾರದ ಕೆಲಸಗಳು

ಗ್ಯಾರೇಜಿನ ಕಂಪ್ರೆಸರ್ ಗಾಳಿ ಹೊಡೆಸಬೇಡಿ. ನಾಳವನ್ನು ದೋಣಿಯ ಮೂತಿಗೆ ಬರಿದೆ ಒತ್ತಿ ಸಿಕ್ಕಿಸಿರುವುದೇ ಹೆಚ್ಚು. ಬಲವಾದ ಗಾಳಿಗೆ ಅದು ಕಂಬದೊಳಗೆ ಕಳಚಿದರೆ ಮುಂದೆ ಬಂದ ನೀರೆಲ್ಲ ನೇರವಾಗಿ ಕಾರಿನೊಳಕ್ಕೆ.

ಕಬ್ಬಿಣದ ತಂತಿ, ಬೈಕಿನ ಬ್ರೇಕ್ ಕೇಬಲ್, ಹಿಡಿಕಡ್ಡಿ ಇವು ಕೂಡದು. ತಂತಿ ನಾಳವನ್ನು ತೂತು ಮಾಡುತ್ತದೆ, ಕಡ್ಡಿ ಒಳಗೆ ಮುರಿಯುತ್ತದೆ.

ಪೆಟ್ರೋಲ್, ಸೀಮೆಎಣ್ಣೆ, ಆಸಿಡ್, ಕುದಿಯುವ ನೀರು ಯಾವುದನ್ನೂ ಹಾಕಬೇಡಿ, ರಬ್ಬರ್ ಕೆಡುತ್ತದೆ.

ಕಂಬದ ಒಳಹೊದಿಕೆಯನ್ನು ನೀವೇ ಕೀಳಬೇಡಿ. ಈಗಿನ ಹಲವು ಕಾರುಗಳಲ್ಲಿ ಮಾಡಿನ ಅಂಚಿನಲ್ಲಿ, ಕಂಬದ ಮಗ್ಗುಲಲ್ಲಿ ಏರ್‌ಬ್ಯಾಗ್ ಮಡಚಿಟ್ಟಿರುತ್ತದೆ. ಅದು ತಪ್ಪಿ ಸಿಡಿದರೆ ಮುಖಕ್ಕೆ ಅಪಾಯ, ಸಿಕ್ಕಿಕೊಂಡು ಬೇಕಾದಾಗ ಬಿಚ್ಚದಿದ್ದರೆ ಪ್ರಾಣಕ್ಕೇ ಅಪಾಯ. ಬ್ಯಾಟರಿ ಕಳಚಿ, ತಿಳಿದವರೇ ಮಾಡತಕ್ಕ ಕೆಲಸ ಇದು. ವಿದ್ಯುತ್ ಕಾರಿನೊಳಗೆ ನೀರು ನಿಂತಿದ್ದರೆ ಕಾರ್ಪೆಟ್ಟನ್ನೂ ಎತ್ತದೆ ಸರ್ವೀಸಿಗೆ ತಿಳಿಸಿ.

ತೊಳೆಯುವಾಗ ಪಂಪಿನ ಧಾರೆಯನ್ನು ಗಾಜಿನ ಅಂಚಿಗೆ ನೇರ ಹಿಡಿಯಬೇಡಿ.

ಒಳಗೆ ನಿಂತ ನೀರು

ನಾಳ ಸರಿಯಾದೊಡನೆ ಕೆಲಸ ಮುಗಿಯಿತು ಎನ್ನುವಂತಿಲ್ಲ. ಕಾರ್ಪೆಟ್ಟಿನ ಮೇಲ್ಮೈ ಒಣಗಿದ್ದರೂ ಅಡಿಯ ಫೋಮ್ ವಾರಗಟ್ಟಲೆ ನೀರು ಹಿಡಿದುಕೊಂಡಿರುತ್ತದೆ. ಮೇಲೆ ಒಣಗಿ ಒಳಗೆ ಹಸಿಯಿರುವ ಅಡಿಕೆಯನ್ನು ಚೀಲಕ್ಕೆ ತುಂಬಿದರೆ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಫೋಮನ್ನು ಅಂಗೈಯಿಂದ ಒತ್ತಿ ನೋಡಿ. ನೀರು ಜಿನುಗಿದರೆ ಕಾರ್ಪೆಟ್ ಬಿಚ್ಚಿಸಿ ಹೊರಗೆ ತೆಗೆಸಬೇಕು. ಮಳೆಗಾಲದಲ್ಲಿ ಬಿಸಿಲು ಸಿಗದಿದ್ದರೆ ಫ್ಯಾನಿನ ಗಾಳಿ ಬಿಡಿ. ಕಾರಿನಲ್ಲಿ ಏಸಿ ಮತ್ತು ಬಿಸಿಗಾಳಿ ಎರಡನ್ನೂ ಹಾಕಿ ಓಡಿಸಿದರೆ ಒಳಗಿನ ತೇವ ಇಳಿಯುತ್ತದೆ. ಸೀಟಿನ ಅಡಿಯ ತಂತಿಗಳ ಜೋಡಣೆಯನ್ನು ಮೆಕ್ಯಾನಿಕ್ಕಿಗೆ ತೋರಿಸಿ. ಹಸಿರು ಕಲೆ ಕಂಡರೆ ಆಗಲೇ ಸ್ವಚ್ಛ ಮಾಡಿಸುವುದು ಲೇಸು. ನನ್ನಂತೆ ರಾತ್ರಿ ಎರಡು ಗಂಟೆಯವರೆಗೆ ಕಾಯಬೇಡಿ.

ವರ್ಷದ ಕ್ರಮ

ಬೋರ್ಡೋ ಸಿಂಪಡಣೆಯನ್ನು ನಾವು ಕೊಳೆ ಕಂಡ ಮೇಲೆ ಮಾಡುವುದಿಲ್ಲ. ಮಳೆ ಹಿಡಿಯುವ ಮೊದಲು ಒಮ್ಮೆ, ನಲವತ್ತು ನಲವತ್ತೈದು ದಿನಕ್ಕೆ ಮತ್ತೊಮ್ಮೆ. ಬಸಿನಾಳಕ್ಕೂ ಇದೇ ಲೆಕ್ಕ ಇಟ್ಟುಕೊಂಡರೆ ಮರೆಯುವುದಿಲ್ಲ. ಮೈಲುತುತ್ತ ನೆನೆಹಾಕುವ ದಿನ ನಾಳಗಳಿಗೆ ಒಂದೊಂದು ಲೋಟ ನೀರು ಬಿಟ್ಟು ನೋಡಿ. ಎರಡನೆಯ ಸಿಂಪಡಣೆಯ ಹೊತ್ತಿಗೆ ಇನ್ನೊಮ್ಮೆ. ದೀಪಾವಳಿಯ ಸುತ್ತಿಗೆ ಮೂರನೆಯ ಸಲ ದೋಣಿ ಒರೆಸಿ, ರಬ್ಬರ್ ಪಟ್ಟಿಗೆ ಕಾರಿನ ಪುಸ್ತಕದಲ್ಲಿ ಹೇಳಿದ ಜಿಡ್ಡು ಸವರಿ. ಸನ್‌ರೂಫನ್ನು ಎಂದೂ ತೆರೆಯದವರೂ ಇದನ್ನು ಮಾಡಬೇಕು. ಮುಚ್ಚಿದ ಗಾಜಿನ ಕೆಳಗೂ ಕಸ ಸೇರುತ್ತದೆ. ವಿಮೆಯನ್ನು ನಂಬಿ ಕೂರುವುದೂ ಸರಿಯಲ್ಲ. ಇಂಥ ಸೋರಿಕೆಯನ್ನು ನಿರ್ವಹಣೆಯ ಲೋಪವೆಂದು ಎಣಿಸುವ ಸಂಭವವಿರುವುದರಿಂದ ಪಾಲಿಸಿಯ ಷರತ್ತನ್ನು ಮೊದಲೇ ಓದಿಕೊಳ್ಳಿ.

ಅಂದಿನ ಮಗು ಈಗ ನಮ್ಮ ಕಣದಲ್ಲಿ ಕೋಳಿ ಅಟ್ಟಿಸಿಕೊಂಡು ಓಡುತ್ತದೆ. ಪ್ರತಿ ವರ್ಷ ಮೇ ಕೊನೆಗೆ ನಾನು ಲೋಟ ಹಿಡಿದು ಕಾರಿನ ಮೇಲೆ ಬಗ್ಗಿದಾಗ ಅದರ ತಂದೆಯೇ ಕೆಳಗೆ ಕುಳಿತು, "ಈ ಬದಿ ಬಂತು ಅಯ್ಯಾ, ಆ ಬದಿ ಬಿಡಿ" ಎನ್ನುತ್ತಾನೆ. ನಾಲ್ಕೂ ಬದಿ ಬರುವವರೆಗೆ ಇಬ್ಬರೂ ಏಳುವುದಿಲ್ಲ.

ಮಳೆಗಾಲಕ್ಕೆ ಮುನ್ನ, ಮೇ ತಿಂಗಳ ಕೊನೆಯ ಸಂತೆಯ ದಿನ ಬೆಳಗ್ಗೆ ಸಂಘದ ಕಛೇರಿಯ ಅಂಗಳಕ್ಕೆ ಕಾರು ತಂದವರಿಗೆ ಈ ಪರೀಕ್ಷೆಯನ್ನು ಮಾಡಿ ತೋರಿಸುತ್ತೇನೆ. ಒಂದು ಹಳೆಯ ಬಟ್ಟೆ, ಎರಡು ಮೀಟರ್ ನೈಲಾನ್ ದಾರ ತನ್ನಿ. ನೀರು ಮತ್ತು ಲೋಟ ಕಛೇರಿಯಲ್ಲಿ ಇರುತ್ತದೆ.

— ಕಾರ್ಯದರ್ಶಿ